ಏಕಾದಶಿ ಉಪವಾಸ ಮತ್ತು ಶುಗರ್ ಮಾತ್ರೆ: ಅತ್ತೆಯವರ ವ್ರತ ಬಿಡಿಸಬೇಕೇ?

ಪ್ರಶ್ನೆ: ನಮ್ಮ ಅತ್ತೆಗೆ 64 ವರ್ಷ. ಸಕ್ಕರೆ ಕಾಯಿಲೆ ಬಂದು ಹನ್ನೊಂದು ವರ್ಷವಾಯಿತು. ಗ್ಲಿಮೆಪಿರೈಡ್ 2 ಮಿ.ಗ್ರಾಂ, ಮೆಟ್‌ಫಾರ್ಮಿನ್ 500 ಸೇರಿದ ಮಾತ್ರೆ ಬೆಳಿಗ್ಗೆ ಮತ್ತು ರಾತ್ರಿ, ಡಾಪಾಗ್ಲಿಫ್ಲೋಜಿನ್ 10 ಬೆಳಿಗ್ಗೆ, ಬಿಪಿಗೆ ಟೆಲ್ಮಿಸಾರ್ಟಾನ್. ಮೊದಲಿನಿಂದಲೂ ಏಕಾದಶಿ ನಿರ್ಜಲ ಮಾಡುತ್ತಾರೆ, ದಶಮಿಯಂದು ಮಧ್ಯಾಹ್ನ ಒಂದೇ ಊಟ. ಡಾಕ್ಟರು ಮಾತ್ರೆ ತಪ್ಪಿಸಬಾರದು ಎಂದಿದ್ದಾರೆಂದು ಏಕಾದಶಿಯ ಬೆಳಿಗ್ಗೆ ಮಾತ್ರೆಗಳನ್ನು ತೀರ್ಥದ ಜೊತೆ ನುಂಗುತ್ತಾರೆ. ಕಳೆದ ಏಕಾದಶಿ ಮಧ್ಯಾಹ್ನ ಮೂರರ ಹೊತ್ತಿಗೆ ಮೈಯೆಲ್ಲ ಬೆವರಿ ಮಾತು ತೊದಲಿತು. ನೋಡಿದರೆ ಶುಗರ್ 58. ಸಕ್ಕರೆ ನೀರು ಕುಡಿಸಿದೆವು. ಚೇತರಿಸಿಕೊಂಡ ಮೇಲೆ ವ್ರತ ಕೆಟ್ಟಿತೆಂದು ಅತ್ತರು. ನನ್ನ ಯಜಮಾನರು ‘ಇದೆಲ್ಲ ಮೂಢನಂಬಿಕೆ’ ಎಂದು ರೇಗಿದರು. ಹಿಂದೊಮ್ಮೆ ಡಾಕ್ಟರು ‘ಉಪವಾಸ ಗಿಪವಾಸ ಬಿಟ್ಟುಬಿಡಿ’ ಎಂದಿದ್ದಕ್ಕೆ ಅತ್ತೆ ಅವರ ಮುಂದೆ ಈಗ ಆ ವಿಷಯವನ್ನೇ ಎತ್ತುವುದಿಲ್ಲ. ಏಕಾದಶಿ ಉಪವಾಸಕ್ಕೆ ನೊಬೆಲ್ ಬಂದಿದೆ ಎಂಬ ವಾಟ್ಸಾಪ್ ಸಂದೇಶವನ್ನು ನಮಗೆ ತೋರಿಸುತ್ತಾರೆ. ನಂಬಿಕೆ, ವಿಜ್ಞಾನ ಎರಡೂ ಒಂದೇ ಮನೆಯಲ್ಲಿ ಮರ್ಯಾದೆಯಿಂದ ಇರಲು ಆಗುವುದಿಲ್ಲವೇ?
— ಓದುಗರೊಬ್ಬರು, ಧಾರವಾಡ

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ತೀರ್ಥದ ಜೊತೆ ನುಂಗಿದ ಮಾತ್ರೆಯ ಮೇಲೆ. ಅತ್ತೆಯವರು ಅವತ್ತು ಯಾರ ಮಾತನ್ನೂ ಮೀರಿಲ್ಲ. ಮಠದ ಪಂಚಾಂಗ ಹೇಳಿದಂತೆ ಉಪವಾಸ ಮಾಡಿದರು, ಡಾಕ್ಟರು ಹೇಳಿದಂತೆ ಮಾತ್ರೆ ತೆಗೆದುಕೊಂಡರು. ಶುಗರ್ 58ಕ್ಕೆ ಇಳಿದದ್ದು ಈ ಎರಡೂ ಕಟ್ಟುನಿಟ್ಟಾಗಿ ನಡೆದದ್ದರಿಂದ. ಒಂದು ಕಡೆಯ ಸೂಚನೆ ಇನ್ನೊಂದು ಕಡೆಗೆ ಗೊತ್ತಿರಲಿಲ್ಲ, ಅಷ್ಟೇ. ಹಾಗಾಗಿ ನಿಮ್ಮ ಮನೆಯ ಸಮಸ್ಯೆಯನ್ನು ನಂಬಿಕೆ ಮತ್ತು ವಿಜ್ಞಾನದ ಜಗಳ ಎನ್ನಲಾರೆ. ಉಪವಾಸದ ವಿಷಯ ಡಾಕ್ಟರ ಚೀಟಿಗೆ ತಲುಪದೇ ಹೋಯಿತು ಎನ್ನುವುದೇ ಸರಿ.

ಮೊದಲು ದೇಹದ ಲೆಕ್ಕ. ದಶಮಿ ಮಧ್ಯಾಹ್ನ 12.30ಕ್ಕೆ ಊಟ, ದ್ವಾದಶಿ ಬೆಳಿಗ್ಗೆ 6.30ಕ್ಕೆ ಪಾರಣೆ (ಉಪವಾಸ ಮುಗಿಸುವ ಊಟ) ಎಂದಿಟ್ಟುಕೊಂಡರೆ ನಡುವೆ 42 ಗಂಟೆ. ಜನ ಇದನ್ನು ‘ಒಂದು ದಿನದ ಉಪವಾಸ’ ಎನ್ನುತ್ತಾರೆ, ಡಾಕ್ಟರೂ ಹಾಗೇ ತಿಳಿದಿರುತ್ತಾರೆ. ನಮ್ಮ ಯಕೃತ್ತಿನಲ್ಲಿ ಶೇಖರವಾಗಿರುವ ಸಕ್ಕರೆ ಸುಮಾರು 100 ಗ್ರಾಂ. ಊಟ ನಿಂತ ಮೇಲೆ ಒಂದು ದಿನದೊಳಗೆ ಅದರ ಬಹುಪಾಲು ಖಾಲಿಯಾಗುತ್ತದೆ. ಆಮೇಲೆ ಯಕೃತ್ತು ಸ್ನಾಯುವಿನ ಪ್ರೋಟೀನು ಇತ್ಯಾದಿಗಳಿಂದ ಹೊಸದಾಗಿ ಸಕ್ಕರೆ ತಯಾರಿಸುತ್ತದೆ, ದೇಹ ಕೊಬ್ಬನ್ನು ಉರಿಸುತ್ತದೆ. ಆರೋಗ್ಯವಂತರಲ್ಲಿ ಇದು ತೊಂದರೆಯಿಲ್ಲದೆ ನಡೆಯುತ್ತದೆ, ಏಕೆಂದರೆ ಸಕ್ಕರೆ ಇಳಿದ ಹಾಗೆ ಇನ್ಸುಲಿನ್ ಕೂಡ ತಾನಾಗಿ ಇಳಿಯುತ್ತದೆ.

ಗ್ಲಿಮೆಪಿರೈಡ್ ಈ ಇಳಿತಕ್ಕೆ ಅಡ್ಡ ಬರುತ್ತದೆ. ಹೊಟ್ಟೆಯಲ್ಲಿ ಊಟ ಇದೆಯೋ ಇಲ್ಲವೋ ನೋಡದೆ ಅದು ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಡಿಸುತ್ತದೆ. ಒಂದು ಮಾತ್ರೆಯ ಪ್ರಭಾವ ಸುಮಾರು 24 ಗಂಟೆ, ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಇನ್ನೂ ಹೆಚ್ಚು. ಬೆಳಿಗ್ಗೆ ನುಂಗಿ, ಮಧ್ಯಾಹ್ನ ಮೂರಕ್ಕೆ ಬೆವರಿದ್ದರಲ್ಲಿ ಆಶ್ಚರ್ಯವಿಲ್ಲ. ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್ ಕೂಡ ಇದೇ ಗುಂಪಿನವು.

ಡಾಪಾಗ್ಲಿಫ್ಲೋಜಿನ್ ಬೇರೆ ದಾರಿಯಲ್ಲಿ ಕಾಡುತ್ತದೆ. ಅದು ದಿನಕ್ಕೆ ಸುಮಾರು 70 ಗ್ರಾಂ ಸಕ್ಕರೆಯನ್ನು ಮೂತ್ರದಲ್ಲಿ ಹೊರಹಾಕುತ್ತದೆ, ಜೊತೆಗೆ ನೀರನ್ನೂ ಸೆಳೆದುಕೊಂಡು ಹೋಗುತ್ತದೆ. ಅನ್ನವೂ ಇಲ್ಲ ನೀರೂ ಇಲ್ಲ ಎನ್ನುವ ದಿನ ಈ ಮಾತ್ರೆ ಮೈಯಲ್ಲಿದ್ದರೆ ಕೊಬ್ಬು ಕರಗಿ ಕೀಟೋನ್ ಎಂಬ ಆಮ್ಲ ರಕ್ತದಲ್ಲಿ ಏರಬಹುದು. ಇದರ ಮೋಸವೇನೆಂದರೆ, ಗ್ಲುಕೋಮೀಟರ್ 180, 200 ಎಂದು ತೋರಿಸುತ್ತಿರುವಾಗಲೇ ರೋಗಿ ವಾಂತಿ, ಹೊಟ್ಟೆನೋವು, ಏದುಸಿರಿನಲ್ಲಿ ಆಸ್ಪತ್ರೆ ಸೇರುವ ಸ್ಥಿತಿಗೆ ಬಂದಿರುತ್ತಾರೆ. ಮನೆಯವರು ‘ಉಪವಾಸದ ಪಿತ್ತ’ ಎಂದುಕೊಂಡು ಕಾಯುತ್ತಾರೆ. ಇದರ ಮೇಲೆ ಟೆಲ್ಮಿಸಾರ್ಟಾನ್ ಇದೆ. ಮೈಯಲ್ಲಿ ನೀರು ಬತ್ತಿದಾಗ ಅದು ಬಿಪಿಯನ್ನು ಇನ್ನಷ್ಟು ತಗ್ಗಿಸಿ ಮೂತ್ರಪಿಂಡಕ್ಕೆ ಹೊರೆಯಾಗಬಹುದು. ಮೆಟ್‌ಫಾರ್ಮಿನ್ ಒಂದೇ ಆದರೆ ಶುಗರ್ ಇಳಿಸಿ ಬೀಳಿಸುವುದು ಅಪರೂಪ, ಆದರೆ ವಾಂತಿ ಅಥವಾ ತೀವ್ರ ನಿರ್ಜಲೀಕರಣ ಇದ್ದಾಗ ಅದನ್ನು ನಿಲ್ಲಿಸಬೇಕು. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್ ಎಂಬ ಬೇರೆ ಶುಗರ್ ಮಾತ್ರೆಗಳು ತಮ್ಮಷ್ಟಕ್ಕೆ ಲೋ ಶುಗರ್ ತರುವುದು ಕಡಿಮೆ. ಅಂದರೆ ‘ಶುಗರ್ ಇರುವವರು ಉಪವಾಸ ಮಾಡಬಹುದೇ’ ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ಯಾವ ಮಾತ್ರೆ, ಮೂತ್ರಪಿಂಡ ಹೇಗಿದೆ, ನೀರು ಕುಡಿಯುತ್ತಾರೋ ಇಲ್ಲವೋ, ಹಿಂದೆ ಲೋ ಆಗಿತ್ತೋ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ.

ಇನ್ನು ವಾಟ್ಸಾಪ್ ಸಂದೇಶ. ಜಪಾನಿನ ಯೋಶಿನೋರಿ ಓಸುಮಿ ಅವರಿಗೆ 2016ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಬಂದದ್ದು ನಿಜ. ಅವರು ಕಂಡುಹಿಡಿದದ್ದು ಜೀವಕೋಶ ತನ್ನ ಹಳೆಯ ಭಾಗಗಳನ್ನು ತಾನೇ ಒಡೆದು ಮರುಬಳಸುವ ಬಗೆಯನ್ನು, ಅದರ ಹಿಂದಿನ ಜೀನುಗಳನ್ನು. ಅದೂ ಬ್ರೆಡ್ಡಿಗೆ ಹಾಕುವ ಯೀಸ್ಟ್ ಕೋಶಗಳಲ್ಲಿ. ಮನುಷ್ಯರು ಹದಿನೈದು ದಿನಕ್ಕೊಮ್ಮೆ ಉಪವಾಸವಿದ್ದರೆ ಏನಾಗುತ್ತದೆ ಎಂಬುದು ಅವರ ಪ್ರಶಸ್ತಿಯ ವಿಷಯವಾಗಿರಲಿಲ್ಲ, ಮಧುಮೇಹವಂತೂ ಅಲ್ಲವೇ ಅಲ್ಲ. ಇನ್ನೊಂದು ಸಂದೇಶವೂ ಓಡಾಡುತ್ತದೆ: ಏಕಾದಶಿಯಂದು ಚಂದ್ರನ ಸೆಳೆತದಿಂದ ದೇಹದ ನೀರು ಉಕ್ಕುತ್ತದೆ, ಆದ್ದರಿಂದ ತಿನ್ನಬಾರದು ಎಂದು. ಸಮುದ್ರದ ಉಬ್ಬರವೇ ಜೋರಾಗಿರುವುದು ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ. ಏಕಾದಶಿ ಅದರ ತುದಿಯಲ್ಲಿಲ್ಲ. ಮನುಷ್ಯನ ಗಾತ್ರದ ವಸ್ತುವಿನ ಮೇಲೆ ಆ ಉಬ್ಬರದ ಬಲ ಲೆಕ್ಕಕ್ಕೇ ಬಾರದಷ್ಟು.

ಈ ಸಂದೇಶಗಳ ಬಗ್ಗೆ ನನ್ನ ತಕರಾರು ವೈದ್ಯನದಷ್ಟೇ ಅಲ್ಲ. ಇವು ವ್ರತಕ್ಕೂ ಮರ್ಯಾದೆ ಕೊಡುವುದಿಲ್ಲ. ಅತ್ತೆಯವರು ಇಷ್ಟು ವರ್ಷ ಏಕಾದಶಿ ಮಾಡಿದ್ದು ಯೀಸ್ಟಿಗಾಗಿ ಅಲ್ಲ, ಹರಿಯ ದಿನವೆಂದು. ಅದಕ್ಕೆ ಸ್ಟಾಕ್‌ಹೋಮಿನ ನೊಬೆಲ್ ಮುದ್ರೆ ಬೇಕಿಲ್ಲ. ಅವರು ಆ ಸಂದೇಶ ತೋರಿಸುವುದು ಮಗನ ‘ಮೂಢನಂಬಿಕೆ’ ಎಂಬ ಮಾತಿಗೆ ಎದುರುತ್ತರವಾಗಿ ಎಂದು ನನ್ನ ಅನುಮಾನ. ಮಗ ಆ ಪದ ಬಿಟ್ಟರೆ ಸಂದೇಶವೂ ನಿಲ್ಲಬಹುದು. ಉಪವಾಸದಿಂದ ಪುಣ್ಯ ಬರುತ್ತದೋ ಇಲ್ಲವೋ ಹೇಳುವ ಉಪಕರಣ ವೈದ್ಯಶಾಸ್ತ್ರದಲ್ಲಿಲ್ಲ. ಮಧ್ಯಾಹ್ನ ಮೂರಕ್ಕೆ ರಕ್ತದಲ್ಲಿ ಎಷ್ಟು ಸಕ್ಕರೆ ಇದೆ ಎಂದು ಹೇಳುವ ಉಪಕರಣ ಇದೆ.

‘ಉಪವಾಸದಿಂದ ಶುಗರ್ ವಾಸಿಯಾಗುತ್ತದೆ’ ಎಂಬ ಮಾತಿನಲ್ಲಿ ಒಂದಿಷ್ಟು ಸತ್ಯವಿದೆ, ಆದರೆ ಅದು ಏಕಾದಶಿಗೆ ಹೊಂದುವುದಿಲ್ಲ. ಬ್ರಿಟನ್ನಿನ ‘ಡೈರೆಕ್ಟ್’ ಅಧ್ಯಯನದಲ್ಲಿ ಮೂರರಿಂದ ಐದು ತಿಂಗಳು ದಿನಕ್ಕೆ ಸುಮಾರು 850 ಕ್ಯಾಲೊರಿ ಮಾತ್ರ ಕೊಟ್ಟು ತೂಕ ಇಳಿಸಿದಾಗ, ವರ್ಷದ ಕೊನೆಗೆ 46% ಜನರ ಮಧುಮೇಹ ಔಷಧಿಯಿಲ್ಲದೆ ಹತೋಟಿಯಲ್ಲಿತ್ತು. ಅವರೆಲ್ಲರಿಗೂ ಕಾಯಿಲೆ ಬಂದು ಆರು ವರ್ಷದೊಳಗಾಗಿತ್ತು. ಮೊದಲ ದಿನವೇ ಶುಗರ್ ಮಾತ್ರೆ, ಬಿಪಿ ಮಾತ್ರೆಗಳನ್ನು ನಿಲ್ಲಿಸಿದ್ದರು ಎಂಬುದನ್ನು ಯಾವ ಸಂದೇಶವೂ ಹೇಳುವುದಿಲ್ಲ.

ಶಾಸ್ತ್ರ ನನ್ನ ಕಸುಬಲ್ಲ. ಆದರೂ ಹಬ್ಬ ಹುಣ್ಣಿಮೆಗಳನ್ನು ಬಿಟ್ಟು ಈ ದೇಶದಲ್ಲಿ ಮಧುಮೇಹಕ್ಕೆ ಚಿಕಿತ್ಸೆ ಮಾಡಲಾಗುವುದಿಲ್ಲ, ಹಾಗಾಗಿ ಒಂದು ಮಾತು. ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರ ಹೇಳುವ, ಧರ್ಮಶಾಸ್ತ್ರದವರು ಆಗಾಗ ಎತ್ತಿಕೊಳ್ಳುವ ಶ್ಲೋಕವೊಂದಿದೆ. ವ್ರತವನ್ನು ಕೆಡಿಸದ ಎಂಟನ್ನು ಅದು ಪಟ್ಟಿ ಮಾಡುತ್ತದೆ: ನೀರು, ಗೆಡ್ಡೆ, ಹಣ್ಣು, ಹಾಲು, ಹವಿಸ್ಸು, ಬ್ರಾಹ್ಮಣನ ಇಚ್ಛೆ, ಗುರುವಿನ ಮಾತು, ಔಷಧ. ಏಕಾದಶಿಗೆ ಇದು ಎಷ್ಟರ ಮಟ್ಟಿಗೆ ಅನ್ವಯ ಎಂಬುದರಲ್ಲಿ ಸಂಪ್ರದಾಯಗಳ ನಡುವೆ ಭೇದವಿದೆ, ನಿರ್ಜಲ ಮಾಡುವ ಮನೆಗಳು ಬಿಗಿ. ಆದ್ದರಿಂದ ತೀರ್ಮಾನ ನಾನು ಹೇಳಬಾರದು, ನಿಮ್ಮ ಯಜಮಾನರೂ ಹೇಳಬಾರದು. ಅತ್ತೆಯವರು ಒಪ್ಪುವ ಮಠದ ವಿದ್ವಾಂಸರು ಹೇಳಲಿ. ಕೇಳುವಾಗ ‘ಶುಗರ್ ಇದೆ, ಉಪವಾಸ ಬಿಡಬಹುದಾ’ ಎಂದು ಕೇಳಬೇಡಿ. ಹಾಗೆ ಕೇಳಿದರೆ ‘ಶಕ್ತಿ ಇದ್ದಷ್ಟು ಮಾಡಿ’ ಎಂಬ ಉತ್ತರ ಬರುತ್ತದೆ, ಅತ್ತೆಯವರು ತಮಗೆ ಶಕ್ತಿ ಇದೆ ಎನ್ನುತ್ತಾರೆ. ‘ನಿರ್ಜಲ ಮಾಡಿದ ದಿನ ಶುಗರ್ 58 ಆಗಿ ಮಾತು ತೊದಲಿತು. ನೀರು, ಹಾಲು, ಹಣ್ಣು ತೆಗೆದುಕೊಳ್ಳಲೇಬೇಕು ಎಂದು ವೈದ್ಯರು ಹೇಳಿದ್ದಾರೆ. ಹಾಗೆ ಮಾಡಿದರೆ ವ್ರತದ ಸಂಕಲ್ಪ ಹೇಗಿರಬೇಕು? ಮನೆಯಲ್ಲಿ ಬೇರೊಬ್ಬರು ಅವರ ಪರವಾಗಿ ಉಪವಾಸ ಮಾಡಬಹುದೇ?’ ಎಂದು ಕೇಳಿ. ಸಾಧ್ಯವಾದರೆ ಅತ್ತೆಯವರೇ ಫೋನಿನಲ್ಲಿ ಕೇಳಲಿ. ಸೊಸೆ ತಂದು ಹೇಳಿದ ಅಪ್ಪಣೆಗೂ ಸ್ವತಃ ಕೇಳಿಸಿಕೊಂಡ ಅಪ್ಪಣೆಗೂ ವ್ಯತ್ಯಾಸವಿದೆ.

ಇದು ಒಂದು ಧರ್ಮದವರ ಸಮಸ್ಯೆಯೂ ಅಲ್ಲ. ಕುರಾನ್ ರೋಗಿಗಳಿಗೆ ರಂಜಾನ್ ಉಪವಾಸದಿಂದ ವಿನಾಯಿತಿ ಕೊಟ್ಟಿದೆ. ಆದರೂ 13 ದೇಶಗಳಲ್ಲಿ 2001ರಲ್ಲಿ ನಡೆದ ‘ಎಪಿಡಯರ್’ ಸಮೀಕ್ಷೆಯಲ್ಲಿ ಟೈಪ್ 2 ಮಧುಮೇಹಿಗಳಲ್ಲಿ ಸುಮಾರು 79% ಜನ ಕನಿಷ್ಠ ಹದಿನೈದು ದಿನ ಉಪವಾಸ ಹಿಡಿದಿದ್ದರು. ತೀವ್ರ ಲೋ ಶುಗರ್ ಪ್ರಕರಣ ಉಳಿದ ತಿಂಗಳುಗಳಿಗಿಂತ ಏಳೂವರೆ ಪಟ್ಟು ಏರಿತ್ತು. ‘ಬಿಡಿ’ ಎಂದರೆ ಬಿಡುವವರು ಕಡಿಮೆ ಎಂಬುದು ವೈದ್ಯರಿಗೆ ಇದರಿಂದ ಅರ್ಥವಾಗಬೇಕಿತ್ತು. ಇಂದು ರಂಜಾನಿಗೆ ಮಾತ್ರೆ ಹೊಂದಿಸಲು ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಇದೆ. ಏಕಾದಶಿಗೆ ಆ ಮಟ್ಟದ ಸಿದ್ಧತೆ ನಮ್ಮ ಕ್ಲಿನಿಕ್ಕುಗಳಲ್ಲಿ ಕಾಣುವುದಿಲ್ಲ, ವರ್ಷಕ್ಕೆ 24, ಅಧಿಕ ಮಾಸ ಬಂದರೆ 26 ಏಕಾದಶಿ ಇದ್ದರೂ.

ಈಗ ನಿಮ್ಮ ಮುಂದಿರುವ ದಾರಿಗಳು. ನಿರ್ಜಲವನ್ನು ಇದ್ದ ಹಾಗೇ ಮುಂದುವರಿಸುವುದು, ಈಗಿನ ಮಾತ್ರೆಗಳೊಂದಿಗೆ, ಬೇಡ. ಒಮ್ಮೆ ಮಾತು ತೊದಲುವಷ್ಟು ಲೋ ಆದವರಿಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು, ಮುಂದಿನ ಸಲ ನಡುರಾತ್ರಿ ಆದರೆ ಗೊತ್ತಾಗುವುದೂ ಇಲ್ಲ. ‘ಸರಿ, ಮಾತ್ರೆಯನ್ನೇ ಬಿಟ್ಟು ನಿರ್ಜಲ ಮಾಡುತ್ತೇನೆ’ ಎಂದು ಅವರು ಹೇಳಬಹುದು. ಗ್ಲಿಮೆಪಿರೈಡಿನ ಅಪಾಯ ಅದರಿಂದ ತಗ್ಗುತ್ತದೆ, ಆದರೆ ಹಿಂದಿನ ದಿನಗಳ ಡಾಪಾಗ್ಲಿಫ್ಲೋಜಿನ್ ಇನ್ನೂ ಮೈಯಲ್ಲಿರುತ್ತದೆ, ನೀರಿಲ್ಲದ ತೊಂದರೆ ಹಾಗೇ ಉಳಿಯುತ್ತದೆ. ವೈಕುಂಠ ಏಕಾದಶಿ, ಆಷಾಢದ ಏಕಾದಶಿಗಳಿಗೆ ಮಾತ್ರ ನಿರ್ಜಲ ಎಂಬ ರಾಜಿಯೂ ಹಲವು ಮನೆಗಳಲ್ಲಿದೆ. ವರ್ಷದ ಒಟ್ಟು ಅಪಾಯ ಕಡಿಮೆಯಾಗುತ್ತದೆ ನಿಜ, ಆ ಎರಡು ದಿನದ ಅಪಾಯ ಕಡಿಮೆಯಾಗುವುದಿಲ್ಲ.

ನನ್ನ ಸಲಹೆ ನೀರು, ಹಾಲು, ಹಣ್ಣಿನ ಏಕಾದಶಿ, ಮಾತ್ರೆ ಬದಲಿಸಿಕೊಂಡು. ಬದಲಾವಣೆಯನ್ನು ಅವರ ಡಾಕ್ಟರೇ ಬರೆದುಕೊಡಬೇಕು. ಸಾಮಾನ್ಯವಾಗಿ ಹೀಗಿರುತ್ತದೆ: ಒಪ್ಪತ್ತಿನ ದಶಮಿಯ ರಾತ್ರಿ ಮತ್ತು ಏಕಾದಶಿಯಿಡೀ ಗ್ಲಿಮೆಪಿರೈಡ್ ಇರುವ ಮಾತ್ರೆ ಇಲ್ಲ. ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್ ಎರಡೂ ಒಂದೇ ಮಾತ್ರೆಯಲ್ಲಿ ಸೇರಿರುವುದರಿಂದ ಅರ್ಧ ಮುರಿದು ಕೊಟ್ಟು ಸರಿಮಾಡಲು ಹೋಗಬೇಡಿ. ಬೇಕಿದ್ದರೆ ಆ ದಿನಕ್ಕೆ ಬರೀ ಮೆಟ್‌ಫಾರ್ಮಿನ್ ಬೇರೆ ಬರೆಸಿಕೊಳ್ಳಿ. ಬಿಪಿ ಮಾತ್ರೆ ಅವತ್ತು ಬೇಕೇ ಎಂದು ಕೇಳಿ. ಇದಕ್ಕಿಂತ ಒಳ್ಳೆಯದು, ಗ್ಲಿಮೆಪಿರೈಡ್ ಅವರಿಗೆ ಇನ್ನೂ ಬೇಕೇ ಎಂದೇ ಕೇಳುವುದು. ಮೂರು ತಿಂಗಳ ಸರಾಸರಿ (ಎಚ್‌ಬಿಎ1ಸಿ) 6.5ರ ಆಸುಪಾಸಿನಲ್ಲಿದ್ದರೆ 64ರ ವಯಸ್ಸಿಗೆ ಅಷ್ಟು ಬಿಗಿ ಅಗತ್ಯವಿಲ್ಲದಿರಬಹುದು. ಮೂತ್ರಪಿಂಡ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ ಕೊಂಡೊಯ್ಯಿರಿ. ಇನ್ಸುಲಿನ್ ತೆಗೆದುಕೊಳ್ಳುವ ಓದುಗರು ಈ ಸಲಹೆಯನ್ನು ತಮಗೆ ಹೊಂದಿಸಿಕೊಳ್ಳಬಾರದು. ಟೈಪ್ 1 ಇರುವವರು ಉಪವಾಸದ ದಿನವೂ ಮೂಲ ಇನ್ಸುಲಿನ್ (ದಿನವಿಡೀ ನಿಧಾನವಾಗಿ ಕೆಲಸ ಮಾಡುವುದು) ಪೂರ್ತಿ ನಿಲ್ಲಿಸುವಂತೆಯೇ ಇಲ್ಲ.

ಏಕಾದಶಿಯ ದಿನ ಮೂರು ಮೂರು ಗಂಟೆಗೊಮ್ಮೆ ಸಕ್ಕರೆ ಹಾಕದ ಹಾಲು 150 ಮಿಲಿ, ಇಲ್ಲವೇ ಒಂದು ಸೀಬೆಹಣ್ಣು, ಇಲ್ಲವೇ ಒಂದು ಏಲಕ್ಕಿ ಬಾಳೆ. ನೀರು ದಿನಕ್ಕೆ ಎರಡು ಲೀಟರಿನಷ್ಟು; ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರಿಗೆ ಮಿತಿ ಹೇಳಿದ್ದರೆ ಆ ಮಿತಿ. ಸಾಬೂದಾನಿ ಖಿಚಡಿ, ಆಲೂಗಡ್ಡೆ, ಖರ್ಜೂರ, ಹಣ್ಣಿನ ರಸ ಬೇಡ. ಸಾಬೂದಾನಿ ಬಹುಮಟ್ಟಿಗೆ ಬರೀ ಪಿಷ್ಟ, ಒಂದು ತಟ್ಟೆ ತಿಂದರೆ ಎರಡು ಗಂಟೆಯಲ್ಲಿ ಶುಗರ್ 300 ಮುಟ್ಟಿದ ರೋಗಿಗಳು ಅಪರೂಪವಲ್ಲ. ಫಲಾಹಾರದ ಮನೆಗಳಲ್ಲಿ ಏಕಾದಶಿಯ ತೊಂದರೆ ಶುಗರ್ ಏರುವುದು, ನಿರ್ಜಲದ ಮನೆಗಳಲ್ಲಿ ಇಳಿಯುವುದು. ಒಂದು ಮನೆಯ ಅನುಭವವನ್ನು ಇನ್ನೊಂದು ಮನೆಗೆ ಹೇಳಿ ಪ್ರಯೋಜನವಿಲ್ಲ.

ಶುಗರ್ ನೋಡುವುದು ಬೆಳಿಗ್ಗೆ ಆರಕ್ಕೆ, ಹನ್ನೊಂದಕ್ಕೆ, ಮಧ್ಯಾಹ್ನ ಮೂರಕ್ಕೆ, ಸಂಜೆ ಆರಕ್ಕೆ, ಮಲಗುವ ಮುಂಚೆ. ಬೆಳಿಗ್ಗೆ 160 ಬಂತೆಂದು ನಿಶ್ಚಿಂತರಾಗಬೇಡಿ. ನಸುಕಿನಲ್ಲಿ ಯಕೃತ್ತು ತಾನೇ ಸಕ್ಕರೆ ಬಿಡುವುದರಿಂದ ಅದು ಹಾಗಿರುತ್ತದೆ, ಮಧ್ಯಾಹ್ನದ ಬಗ್ಗೆ ಏನೂ ಹೇಳುವುದಿಲ್ಲ. ಬೆರಳನ್ನು ನೀರಿನಲ್ಲಿ ತೊಳೆದು ಒರೆಸಿ ಚುಚ್ಚಿ. ಬಾಳೆಹಣ್ಣು ಸುಲಿದ ಬೆರಳಿನಲ್ಲಿ ಪರೀಕ್ಷಿಸಿದರೆ ಅಂಟಿದ ರಸದಿಂದಲೇ ಓದು ಸುಳ್ಳಾಗಿ ಏರುತ್ತದೆ, ನಿಜವಾಗಿ ಲೋ ಇದ್ದರೂ ಕಾಣುವುದಿಲ್ಲ. ರಕ್ತ ಬಂದರೆ ಮಡಿ ಕೆಡುತ್ತದೆಯೇ ಎಂಬ ಅಳುಕು ಅವರಿಗಿದ್ದರೆ ಅದನ್ನೂ ವಿದ್ವಾಂಸರ ಹತ್ತಿರ ಮೊದಲೇ ಕೇಳಿಡಿ.

70ಕ್ಕಿಂತ ಕೆಳಗೆ, 300ಕ್ಕಿಂತ ಮೇಲೆ, ವಾಂತಿ, ಏದುಸಿರು, ಮಂಕು, ಎದೆನೋವು: ಇವುಗಳಲ್ಲಿ ಯಾವುದು ಬಂದರೂ ಉಪವಾಸ ಅಲ್ಲಿಗೆ ನಿಲ್ಲಬೇಕು. ಇದನ್ನು ಸಂಕಲ್ಪ ಮಾಡುವ ಮುಂಚೆಯೇ ಅತ್ತೆಯವರ ಒಪ್ಪಿಗೆ ಪಡೆದು ನಿಶ್ಚಯಿಸಿ. ಶುಗರ್ ಇಳಿದಾಗ ಮನಸ್ಸೂ ಮಂಕಾಗಿರುತ್ತದೆ, ಆಗ ವಾದ ಮಾಡಿ ಒಪ್ಪಿಸಲಾಗುವುದಿಲ್ಲ.

ಲೋ ಆದರೆ ಮೂರು ಚಹಾ ಚಮಚ ಸಕ್ಕರೆ, ಅಂದರೆ ಸುಮಾರು 15 ಗ್ರಾಂ, ಅರ್ಧ ಲೋಟ ನೀರಿನಲ್ಲಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಇನ್ನೂ 70ರ ಕೆಳಗಿದ್ದರೆ ಮತ್ತೆ ಅಷ್ಟೇ. ಇಲ್ಲಿ ಹೆಚ್ಚಿನವರು ಮಾಡುವ ತಪ್ಪೊಂದಿದೆ. ಸಕ್ಕರೆ ನೀರು ಕುಡಿದು 110 ಬಂದ ಕೂಡಲೇ ‘ಸರಿಹೋಯಿತು’ ಎಂದು ಉಪವಾಸ ಮುಂದುವರಿಸುತ್ತಾರೆ. ಸಕ್ಕರೆ ಒಂದೆರಡು ಗಂಟೆಯಲ್ಲಿ ಮುಗಿಯುತ್ತದೆ, ಗ್ಲಿಮೆಪಿರೈಡ್ ಮುಗಿಯುವುದಿಲ್ಲ. ರಾತ್ರಿ ಎರಡಕ್ಕೆ ಮತ್ತೆ ಇಳಿಯುತ್ತದೆ. ಆದ್ದರಿಂದ ಚೇತರಿಸಿಕೊಂಡ ಮೇಲೆ ಊಟ ಆಗಲೇಬೇಕು, 24 ಗಂಟೆ ನಿಗಾ ಬೇಕು, ರಾತ್ರಿ ಒಮ್ಮೆ ಎಬ್ಬಿಸಿ ನೋಡಬೇಕು. ಶುಗರ್ 100 ದಾಟಿದ ಮೇಲೂ ಮಾತು ತೊದಲುತ್ತಿದ್ದರೆ ಅದು ಪಾರ್ಶ್ವವಾಯು ಇರಬಹುದು, ತಡಮಾಡದೆ ಆಸ್ಪತ್ರೆಗೆ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ತೀರ್ಥವೂ ಬೇಡ, ಜೇನೂ ಬೇಡ, ಉಸಿರುನಾಳಕ್ಕೆ ಹೋಗುತ್ತದೆ. ಪಕ್ಕಕ್ಕೆ ಮಲಗಿಸಿ 108ಕ್ಕೆ ಫೋನ್ ಮಾಡಿ.

ಪಾರಣೆಯ ದಿನ ಶುಗರ್ ಏರುವ ದಿನ. ಊಟದಲ್ಲಿ ಪಾಯಸ, ಅನ್ನ ಒಟ್ಟಿಗೆ ಬೀಳುತ್ತವೆ. ಪಲ್ಯ, ತೊವ್ವೆ ಮೊದಲು, ಅನ್ನ ಕಡಿಮೆ, ಪಾಯಸ ಪ್ರಸಾದವೆಂದು ಒಂದು ಚಮಚ. ಗ್ಲಿಮೆಪಿರೈಡ್ ಮತ್ತೆ ಶುರುಮಾಡುವುದಿದ್ದರೆ ಈ ಊಟದ ಜೊತೆ, ಮಡಿಯಲ್ಲಿ ಅಡುಗೆ ತಡವಾಗುವುದಾದರೆ ಎಲೆ ಹಾಕಿದ ಮೇಲೆ.

ಡಾಕ್ಟರ ಹತ್ತಿರ ಹೋಗುವಾಗ ಪಂಚಾಂಗವನ್ನೇ ತೆಗೆದುಕೊಂಡು ಹೋಗಿ. ಮುಂದಿನ ಮೂರು ತಿಂಗಳ ಏಕಾದಶಿಗಳನ್ನು, ಎರಡು ದಿನ ಸತತ ಉಪವಾಸ ಬರುವುದಿದ್ದರೆ ಅದನ್ನೂ ಗುರುತು ಹಾಕಿ ತೋರಿಸಿ, ‘42 ಗಂಟೆ’ ಎಂಬ ಸಂಖ್ಯೆ ಹೇಳಿ, 58 ಬಂದ ದಿನ, ಹೊತ್ತು ಬರೆದುಕೊಡಿ. ‘ಬಿಟ್ಟುಬಿಡಿ’ ಎಂಬ ಉತ್ತರವೇ ಮತ್ತೆ ಬಂದರೆ ಇನ್ನೊಬ್ಬ ಮಧುಮೇಹ ತಜ್ಞರನ್ನು ನೋಡುವುದರಲ್ಲಿ ತಪ್ಪಿಲ್ಲ. ಆದರೆ ದಶಮಿಯ ದಿನ ಹೋಗಬೇಡಿ. ಶಸ್ತ್ರಚಿಕಿತ್ಸೆಗೆ ಮುಂಚೆ ಡಾಪಾಗ್ಲಿಫ್ಲೋಜಿನನ್ನು ಕನಿಷ್ಠ ಮೂರು ದಿನ ನಿಲ್ಲಿಸುತ್ತಾರೆ. ಅನ್ನ ನೀರು ಬಿಡುವ ಉಪವಾಸಕ್ಕೂ ಅದೇ ಲೆಕ್ಕ ಹಿಡಿದರೆ ಕೊನೆಯ ಮಾತ್ರೆ ಸಪ್ತಮಿಯಂದೇ ಆಗಿರಬೇಕು. ತಿಂಗಳಿಗೆ ಎರಡು ಸಲ ಹೀಗೆ ನಿಲ್ಲಿಸುತ್ತ ಹೋದರೆ ಆ ಮಾತ್ರೆಯಿಂದ ಹೃದಯಕ್ಕೆ, ಮೂತ್ರಪಿಂಡಕ್ಕೆ ಆಗುವ ಉಪಯೋಗವೂ ಕೈತಪ್ಪುತ್ತದೆ. ನೀರು, ಹಾಲು, ಹಣ್ಣು ಇರುವ ಏಕಾದಶಿಗಾದರೆ ಇಷ್ಟು ದಿನ ನಿಲ್ಲಿಸಬೇಕಾಗದೆ ಹೋಗಬಹುದು. ಎರಡರಲ್ಲಿ ಯಾವುದು ಎಂದು ಅತ್ತೆಯವರ ಎದುರಿಗೇ ಡಾಕ್ಟರನ್ನು ಕೇಳಿ.